ಸೊಳೆ ಬೇಯುವ ಹೊತ್ತಿಗೇ ಅತ್ತೆ ಕರೆಯುತ್ತಾರೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಮನೆಯಿಂದ ಹೊರಟ ಹಾಗಿವೆ. ಮೂರೂ ನಮ್ಮ ಕಾಸರಗೋಡು ಜಿಲ್ಲೆಯವೇ, ಒಂದು ಬದಿಯಡ್ಕ ಕಡೆಯದ್ದು, ಒಂದು ಉಪ್ಪಳದ್ದು, ಇನ್ನೊಂದು ಮುಳ್ಳೇರಿಯದ್ದು. ಮೂರರಲ್ಲೂ ಮನೆಯೊಳಗೆ ಕಾಯಿಲೆಯವರಿದ್ದಾರೆ, ಹೊರಗೆ ವ್ಯಾಪಾರ ಇದೆ, ನಡುವೆ ಒಬ್ಬರು ಓಡುತ್ತಿದ್ದಾರೆ. ಹೆಸರು ಹಾಕಬೇಡಿ ಅಂತ ಮೂವರೂ ಕೇಳಿದ್ದಾರೆ, ಹಾಕಿಲ್ಲ. ಮೊದಲ ಪತ್ರ ತುಂಬಾ ಉದ್ದ ಇತ್ತು, ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡಬೇಡಿ.

ಪ್ರಶ್ನೆ: ಅಕ್ಕಾ, ನನಗೆ 44. ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡಿ ಮಂಗಳೂರಿನ ನಾಲ್ಕು ಅಂಗಡಿಗಳಿಗೆ ಕೊಡುತ್ತೇನೆ. ಬೇಸಿಗೆಯಲ್ಲಿ ನಾಲ್ವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಅತ್ತೆಗೆ 78. ಹದಿನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿಗೆ ಬಲ ಇಲ್ಲ. ಮಾತು ಸ್ವಲ್ಪ ಎಳೆಯುತ್ತದೆ, ಆದರೆ ಬುದ್ಧಿ ಚುರುಕಾಗಿಯೇ ಇದೆ. ಹತ್ತು ನಿಮಿಷಕ್ಕೊಮ್ಮೆ ಕರೆಯುತ್ತಾರೆ. ಹೋಗಿ ನೋಡಿದರೆ ಏನೂ ಇರುವುದಿಲ್ಲ, ಫ್ಯಾನ್ ಸಣ್ಣ ಮಾಡು ಅನ್ನುತ್ತಾರೆ, ಇಲ್ಲಾಂದ್ರೆ ಸುಮ್ನೆ ನೋಡುತ್ತಾರೆ. ಗಂಡ ತೋಟ ನೋಡಿಕೊಳ್ಳುತ್ತಾರೆ, ಒಳ್ಳೆಯವರೇ. ನಾದಿನಿ ಪುತ್ತೂರಿನಿಂದ ತಿಂಗಳಿಗೊಮ್ಮೆ ಬಂದು 'ಅಮ್ಮ ಸಪೂರ ಆಗಿದ್ದಾರಲ್ಲ' ಅಂತ ಹೇಳಿ ಸಂಜೆ ಬಸ್ಸಿಗೆ ಹೋಗುತ್ತಾರೆ. ಮೈದುನ ಬೆಂಗಳೂರು, ವೀಡಿಯೋ ಕಾಲ್ ಮಾಡುತ್ತಾನೆ. ನೋಡಲು ಬರುವ ನೆಂಟರಿಗೆ ಚಾ, ತಿಂಡಿ ನಾನೇ ಮಾಡಬೇಕು. ರಾತ್ರಿ ಹತ್ತಕ್ಕೂ ಅಂಗಡಿಯವರ ವಾಟ್ಸಾಪ್ ಬರುತ್ತದೆ. ಕಳೆದ ತಿಂಗಳು ಬೆಂದ ಸೊಳೆ, ಅಂದರೆ ಹಲಸಿನ ತೊಳೆ, ಕಡೆಯುವ (ರುಬ್ಬುವ) ಹೊತ್ತಿಗೆ ಅತ್ತೆ ಆರನೇ ಸಲ ಕರೆದರು. 'ನಿಮಗೆ ಬೇರೆ ಎಂತ ಕೆಲಸ ಇಲ್ಲವಾ' ಅಂತ ಬೊಬ್ಬೆ ಹಾಕಿಬಿಟ್ಟೆ. ಅವರು ಮುಖ ಗೋಡೆ ಕಡೆ ತಿರುಗಿಸಿದರು, ಆ ದಿನ ಇಡೀ ಕರೆಯಲಿಲ್ಲ. ಅದೇ ನನ್ನನ್ನು ಕೊಲ್ಲುತ್ತಿದೆ. ಗಂಡ ಹೇಳುತ್ತಾರೆ, ಒಂದು ವರ್ಷ ಹಪ್ಪಳ ನಿಲ್ಲಿಸು, ಊಟಕ್ಕೇನು ಕಡಿಮೆ ಆಗಿದೆ ಅಂತ. ಅತ್ತೆಯ ಡೈಪರ್, ಫಿಸಿಯೋಥೆರಪಿ ಖರ್ಚು ನನ್ನ ಹಪ್ಪಳದ ದುಡ್ಡಿಂದಲೇ ಹೋಗುವುದು. ನಾನು ಕೆಟ್ಟವಳಾ? ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ ತಂಗೀ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಹಲಸು ನಿಮ್ಮ ಗಂಡನ ಅನುಕೂಲ ನೋಡಿ ಕಾಯಿ ಬಿಡುವುದಿಲ್ಲ. ಕಾಯಿ ಬಲಿತು ಹಣ್ಣಾಗುವ ಮೊದಲು, ಮಳೆ ಬೀಳುವ ಮೊದಲು, ಆ ಎರಡೂವರೆ ತಿಂಗಳಲ್ಲೇ ವರ್ಷದ ದುಡಿಮೆ ಆಗಬೇಕು. ಒಂದು ಬೇಸಿಗೆ ನಿಲ್ಲಿಸಿದರೆ ಆ ನಾಲ್ಕು ಅಂಗಡಿಯವರು ಇನ್ನೊಬ್ಬರ ಹಪ್ಪಳ ತಂದು ನೇತುಹಾಕುತ್ತಾರೆ. ನಾಲ್ವರು ಹೆಂಗಸರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಮುಂದಿನ ವರ್ಷ ನೀವು ಸೊನ್ನೆಯಿಂದ ಶುರು ಮಾಡಬೇಕು, ಅದೂ ಇನ್ನೂ ಜಾಸ್ತಿ ದಣಿದ ಮೈಯಲ್ಲಿ. ಡೈಪರ್ ದುಡ್ಡು ಆಗ ಯಾರು ಕೊಡುತ್ತಾರೆ ಅಂತ ಗಂಡನನ್ನು ಕೇಳಿ. ಜಗಳಕ್ಕಲ್ಲ, ನಿಜಕ್ಕೂ ಕೇಳಿ.

ಬೊಬ್ಬೆ ಹಾಕಿದ ವಿಷಯ. ಬೇಯಿಸಿದ ಸೊಳೆಯನ್ನು ಬಿಸಿ ಇರುವಾಗಲೇ ಕಡೆಯಬೇಕು, ಆರಿದರೆ ಹಿಟ್ಟು ಗಂಟುಗಂಟು, ಹಪ್ಪಳ ಅಂಚಲ್ಲಿ ಒಡೆಯುತ್ತದೆ. ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ನಿಮ್ಮ ಅತ್ತೆಗೆ. ನಿಮ್ಮ ಪತ್ರದ ನಾನು ಕತ್ತರಿಸಿದ ಭಾಗದಲ್ಲಿ ನೀವೇ ಬರೆದಿದ್ದೀರಿ, ಮದುವೆಯಾಗಿ ಬಂದ ವರ್ಷ ಉಪ್ಪು, ಖಾರದ ಹದ ಹೇಳಿಕೊಟ್ಟದ್ದು ಅವರೇ ಅಂತ. ಹಾಗಿರುವಾಗ ಆ ವಾಸನೆ ಮೂಗಿಗೆ ಬರುವಾಗ ಅವರಿಗೆ ಒಳಗೆ ಹೇಗಾಗಬೇಕು. ಅಂಗಳದಲ್ಲಿ ನಾಲ್ಕು ಜನರ ಮಾತು, ನಗು, ಒತ್ತುಮಣೆಯ ಸದ್ದು. ತಾವು ಮಾತ್ರ ಒಳಕೋಣೆಯಲ್ಲಿ ಫ್ಯಾನ್ ನೋಡಿಕೊಂಡು ಮಲಗಬೇಕು. ಅವರು ಫ್ಯಾನಿಗೆ ಕರೆಯುತ್ತಿಲ್ಲ ಅಂತ ನನಗನ್ನಿಸುತ್ತದೆ.

ಒಂದು ಕೆಲಸ ಮಾಡಿ. ಕೆಲಸದ ದಿನಗಳಲ್ಲಿ ಅವರ ಮಂಚವನ್ನು ಜಗಲಿಗೆ ತನ್ನಿ, ಅಂಗಳ ಕಾಣುವ ಹಾಗೆ. ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ ಕೂರಿಸಿ. ಮೊದಲ ಉಂಡೆಯಿಂದ ಉಗುರಿನಷ್ಟು ತೆಗೆದು ನಾಲಗೆಗೆ ಮುಟ್ಟಿಸಿ ಉಪ್ಪು ಸಾಕಾ ಅಂತ ಕೇಳಿ. ನುಂಗಲು ಕಷ್ಟ ಇದ್ದರೆ ನಾಲಗೆಗೆ ಸವರಿದರೆ ಸಾಕು. ಕಾಗೆ ಓಡಿಸುವ ಕೋಲನ್ನು ಎಡಗೈಗೆ ಕೊಡಿ. ನಗಬೇಡಿ, ನಾನು ಇದನ್ನು ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಅಜ್ಜಿ ಕೋಲು ಬಡಿದದ್ದಕ್ಕೆ ಕಾಗೆಗಿಂತ ಮೊಮ್ಮಕ್ಕಳೇ ಜಾಸ್ತಿ ಹೆದರುತ್ತಿದ್ದರು.

ಇದರ ಜೊತೆಗೆ, ನೀವು ಅವರ ಹತ್ತಿರ ಹೋಗುವ ಹೊತ್ತನ್ನು ಗೊತ್ತು ಮಾಡಿ. 'ಹಪ್ಪಳ ಒಂದು ಚಾಪೆ ತುಂಬಿದ ಕೂಡಲೇ ಬರುತ್ತೇನೆ' ಅಂತ ಹೇಳಿ, ಅವರು ಕರೆಯದೇ ಇದ್ದರೂ ಚಾಪೆ ತುಂಬಿದ ಕೂಡಲೇ ಹೋಗಿ. ಕರೆದಾಗ ಮಾತ್ರ ಜನ ಬರುತ್ತಾರೆ ಅಂತಾದರೆ ಮಲಗಿದವರು ಕರೆಯುತ್ತಲೇ ಇರುತ್ತಾರೆ, ಅವರಿಗೆ ಬೇರೆ ದಾರಿ ಏನಿದೆ? ಕರೆಯದೇ ಇದ್ದರೂ ಬರುತ್ತಾರೆ ಅಂತ ನಂಬಿಕೆ ಬರಲು ಹತ್ತು ಹದಿನೈದು ದಿನ ಬೇಕು. ಅಷ್ಟು ದಿನ ಹಲ್ಲು ಕಚ್ಚಿಕೊಳ್ಳಿ. ಆಮೇಲೂ ಹಾಗೇ ಇದ್ದರೆ, ಅಥವಾ ಅವರು ಊಟ ಬೇಡ ಅಂದರೆ, ಸುಮ್ಮಸುಮ್ಮನೆ ಅತ್ತರೆ, ಡಾಕ್ಟರಿಗೆ ಹೇಳಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಮದ್ದು ಇದೆ. ನಮ್ಮಲ್ಲಿ ಅದನ್ನು 'ಪ್ರಾಯ ಆಯ್ತಲ್ಲ' ಅಂತ ಬಿಟ್ಟುಬಿಡುತ್ತಾರೆ.

ಮತ್ತೆ, ಕ್ಷಮೆ ಕೇಳಿ. ದೊಡ್ಡದಾಗಿ ಏನೂ ಬೇಡ, ತಲೆ ಬಾಚುವಾಗ 'ಅವತ್ತು ಬೊಬ್ಬೆ ಹಾಕಿದೆ ಅತ್ತೆ, ತಪ್ಪಾಯ್ತು' ಅಂದರೆ ಸಾಕು. ಒಂದು ದಿನ ಸ್ವರ ಏರಿದ್ದಕ್ಕೆ ಕೆಟ್ಟವಳು ಅಂತ ಹೆಸರಿಟ್ಟುಕೊಂಡರೆ, ತಿಂಗಳಿಗೊಮ್ಮೆ ಬಂದು ಸಪೂರ ಆಗಿದ್ದಾರೆ ಅಂತ ಹೇಳಿ ಹೋಗುವವರಿಗೆ ಯಾವ ಹೆಸರಿಡುತ್ತೀರಿ?

ಈಗ ನಿಜವಾದ ವಿಷಯಕ್ಕೆ ಬಂದೆ. ನಿಮ್ಮ ಪತ್ರ ಇಡೀ ಅತ್ತೆಯ ಬಗ್ಗೆ ಇದೆ. ನನಗೆ ಓದುವಾಗ ಕಂಡದ್ದು ಉಳಿದವರು. ಗೆರೆ ಎಳೆಯಬೇಕಾದ್ದು ಮಲಗಿದವರ ಮುಂದೆ ಅಲ್ಲ ಮಾರಾಯ್ತಿ, ಎರಡು ಕಾಲಲ್ಲಿ ಗಟ್ಟಿಯಾಗಿ ಓಡಾಡುವವರ ಮುಂದೆ. ಗಂಡ, ನಾದಿನಿ, ಮೈದುನ, ನೆಂಟರು, ಅಂಗಡಿಯವರು.

ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಇರುವವರನ್ನು 'ಬೈಸ್ಟ್ಯಾಂಡರ್' ಅನ್ನುತ್ತಾರಲ್ಲ, ಕಾಸರಗೋಡಿನವರಿಗೆ ಆ ಶಬ್ದ ಬಾಯಿಪಾಠ. ಇಂಗ್ಲಿಷಲ್ಲಿ ಅದರ ಅರ್ಥ ಸುಮ್ನೆ ನಿಂತು ನೋಡುವವರು ಅಂತ. ಇಪ್ಪತ್ತನಾಲ್ಕು ಗಂಟೆ ಓಡುವವರಿಗೆ ಆ ಹೆಸರು! ನಿಮ್ಮ ಮನೆಯಲ್ಲಿ ನೀವು ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬೈಸ್ಟ್ಯಾಂಡರುಗಳು.

ನಿಮ್ಮ ಆರ್ಡರ್ ಪುಸ್ತಕ ಇದೆಯಲ್ಲ, ಅದರ ಹಿಂದಿನ ಪುಟದಿಂದ ಒಂದು ವಾರ ಬರೆಯಿರಿ. ಬೆಳಿಗ್ಗೆ ಐದೂವರೆಗೆ ಡೈಪರ್, ಮೈ ಒರೆಸುವುದು. ಆರೂಕಾಲಿಗೆ ಕಷಾಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮದ್ದು. ರಾತ್ರಿ ಎಷ್ಟು ಸಲ ಎದ್ದಿರಿ. ನೀವು ಕೆಲಸದವರ ಸಂಬಳ, ಮೆಣಸಿನ ಕ್ರಯ, ಬಸ್ಸಿನ ಬಾಡಿಗೆ ಎಲ್ಲ ಬರೆದಿಡುವವರು, ಇದೊಂದನ್ನು ಮಾತ್ರ ಬರೆದಿಲ್ಲ. ಏಳನೇ ದಿನ ರಾತ್ರಿ ಊಟ ಆದ ಮೇಲೆ ಗಂಡನ ಕೈಗೆ ಕೊಡಿ, ಏನೂ ಹೇಳಬೇಡಿ. ಅವರು ಒಳ್ಳೆಯವರೇ ಅಂತ ಬರೆದಿದ್ದೀರಿ, ನಂಬುತ್ತೇನೆ. ಒಳ್ಳೆಯ ಗಂಡಸರಿಗೂ ಕಣ್ಣಿಗೆ ಕಾಣಿಸಿದ್ದು ಮಾತ್ರ ಕಾಣುತ್ತದೆ. ಆಮೇಲೆ ಒಂದೇ ಒಂದು ಕೆಲಸ ಕೇಳಿ, ಹೊತ್ತಿನ ಸಮೇತ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ವಾರದಲ್ಲಿ ಮೂರು ರಾತ್ರಿ ಅವರ ತಾಯಿಯ ಕೋಣೆಯಲ್ಲಿ ಅವರು ಮಲಗಬೇಕು. 'ಸ್ವಲ್ಪ ಸಹಾಯ ಮಾಡಿ' ಅಂದರೆ ಯಾರಿಗೂ ಏನೂ ಅರ್ಥ ಆಗುವುದಿಲ್ಲ, ನೀರಿನ ಚೊಂಬು ತಂದಿಟ್ಟು ಸಹಾಯ ಆಯ್ತು ಅಂತ ಹೋಗುತ್ತಾರೆ.

ನಾದಿನಿಗೆ ಫೋನ್ ಮಾಡಿ ಹೇಳಿ: 'ಏಪ್ರಿಲ್‌ನಲ್ಲಿ ಹತ್ತು ದಿನ ಅಮ್ಮನ ಹತ್ತಿರ ನೀವಿರಬೇಕು, ಯಾವ ಹತ್ತು ದಿನ ಅಂತ ನೀವೇ ಹೇಳಿ.' ಬರುತ್ತೀರಾ ಅಂತ ಕೇಳಬೇಡಿ, ಅದಕ್ಕೆ ಇಲ್ಲ ಅನ್ನುವುದು ಸುಲಭ. ಮೈದುನನಿಗೆ ವೀಡಿಯೋ ಕಾಲ್ ಬಿಟ್ಟು ಬೇರೆ ಕೆಲಸ ಕೊಡಿ, ಫಿಸಿಯೋಥೆರಪಿ ದುಡ್ಡು ಪ್ರತಿ ತಿಂಗಳು ಐದನೇ ತಾರೀಕಿಗೆ ಅವನ ಖಾತೆಯಿಂದ ಬರಲಿ. ಅವರು ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ. ಒಂದು ವಿಷಯ ನಿಮ್ಮ ತಲೆಯಲ್ಲಿರಲಿ ಅಂತ ಹೇಳುತ್ತೇನೆ, ಯಾರ ಮೇಲೂ ಎಸೆಯಲಿಕ್ಕಲ್ಲ. ತಂದೆ ತಾಯಿ, ಹಿರಿಯ ನಾಗರಿಕರ ಪೋಷಣೆಗೆ ಅಂತ 2007ರಲ್ಲಿ ಕೇಂದ್ರ ಒಂದು ಕಾನೂನು ಮಾಡಿತು. ಅದರಲ್ಲಿ 'ಮಕ್ಕಳು' ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅಂತ ಬರೆದಿದ್ದಾರೆ. ಸೊಸೆ ಅಂತ ಬರೆದಿಲ್ಲ. ನೀವು ಅತ್ತೆಯನ್ನು ನೋಡಿಕೊಳ್ಳುವುದು ನಿಮ್ಮ ಮನಸ್ಸಿಂದ. ಅವರದ್ದು ಕಾನೂನಲ್ಲೇ ಇರುವ ಹೊಣೆ.

ನೆಂಟರಿಗೆ ಚಾ ತಿಂಡಿ ನಿಲ್ಲಿಸಿ. ನಮ್ಮ ಕಡೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಮರ್ಯಾದೆಯೇ, ಅದಕ್ಕಿಂತ ಹಳೆಯ ಮರ್ಯಾದೆ ಬೇರೆ ಇಲ್ಲ. ಬೆಲ್ಲ ಕೊಟ್ಟು 'ನೀವು ಅತ್ತೆ ಹತ್ತಿರ ಅರ್ಧ ಗಂಟೆ ಕೂತಿರಿ, ನಾನು ಒಂದು ಚಾಪೆ ಒತ್ತಿ ಬರುತ್ತೇನೆ' ಅಂತ ಎದ್ದು ಹೋಗಿ. ಎರಡು ಲಾಭ ಇದೆ. ಅತ್ತೆಗೆ ಜೊತೆ ಸಿಗುತ್ತದೆ, ಬರೀ ಸುದ್ದಿ ಸಂಗ್ರಹಕ್ಕೆ ಬರುವವರು ಎರಡನೇ ಸಲ ಬರುವುದಿಲ್ಲ.

ವಾಟ್ಸಾಪಿನ ಕಥೆ ಸುಲಭ. ವಾಟ್ಸಾಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ದುಡ್ಡಿಲ್ಲ. ಅಂಗಡಿ ನಂಬರನ್ನು ಅದಕ್ಕೆ ಹಾಕಿ. ರಾತ್ರಿ ಬಂದ ಮೆಸೇಜಿಗೆ ತನ್ನಷ್ಟಕ್ಕೇ ಉತ್ತರ ಹೋಗುವ ಹಾಗೆ ಬರೆದಿಡಬಹುದು, 'ಸಂಜೆ 7ರ ನಂತರದ ಆರ್ಡರನ್ನು ನಾಳೆ ಬೆಳಿಗ್ಗೆ ನೋಡುತ್ತೇವೆ' ಅಂತ. ಮೊದಲ ವಾರ ಯಾರಾದರೂ ಕೇಳಿಯಾರು. ಹಪ್ಪಳ ಚೆನ್ನಾಗಿದ್ದರೆ ಯಾರೂ ಬಿಟ್ಟು ಹೋಗುವುದಿಲ್ಲ. ಈ ಬೇಸಿಗೆ ನಾಲ್ಕರಲ್ಲಿ ಒಂದು ಅಂಗಡಿಯನ್ನು ನೀವೇ ಬಿಡಿ, ತಡವಾಗಿ ದುಡ್ಡು ಕೊಡುವವನನ್ನು. ಯಾರು ಅಂತ ನಿಮಗೆ ಗೊತ್ತಿದೆ.

ಹೊರಗಿನ ಸಹಾಯ ಕೇಳಿದ್ದೀರಾ? ಪತ್ರದಲ್ಲಿ ಒಂದು ಸಾಲೂ ಇಲ್ಲ. ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ನೀತಿ ತಂದಿತು, ಪಾಲಿಯೇಟಿವ್ ಅಂದರೆ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ. ಪಂಚಾಯತ್ ಮೂಲಕ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಆ ಹೆಸರು ಕೇಳಿದರೆ ನಮ್ಮವರು ಹೆದರುತ್ತಾರೆ, ಕ್ಯಾನ್ಸರಿನವರಿಗೆ, ಕೊನೆಗಾಲಕ್ಕೆ ಅಂತ. ಹಾಗಲ್ಲ. ಸ್ಟ್ರೋಕ್ ಆಗಿ ಮಲಗಿದವರನ್ನೂ ನೋಡುತ್ತಾರೆ. ಹಾಸಿಗೆ ಹುಣ್ಣು ಬಾರದ ಹಾಗೆ ಹೇಗೆ ಮಲಗಿಸುವುದು, ಬೆಡ್‌ಶೀಟ್ ಹಿಡಿದು ಇಬ್ಬರು ಹೇಗೆ ಎತ್ತುವುದು ಅಂತ ತೋರಿಸಿಕೊಡುತ್ತಾರೆ. ಏರ್ ಬೆಡ್, ಗಾಲಿಕುರ್ಚಿ ಎರವಲು ಸಿಗುತ್ತದಾ ಅಂತಲೂ ಕೇಳಿ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ. ಮಲಗಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ 'ಆಶ್ವಾಸಕಿರಣಂ' ಅಂತ ಒಂದು ಯೋಜನೆ ಇದೆ. ಹೊಸ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಅಂಗನವಾಡಿ ಟೀಚರ್ ಹತ್ತಿರ ಕೇಳಿ, ಆದರೆ ಆ ದುಡ್ಡನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ನನ್ನ ಕಥೆ ಸ್ವಲ್ಪ ಹೇಳುತ್ತೇನೆ. ಕುಂಬಳೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಅಪ್ಪ ಮೂರು ವರ್ಷ ಮಲಗಿದ್ದರು. ನಾನು ಯಾರಿಗೂ ಇಲ್ಲ ಅಂದವಳಲ್ಲ, ಮದುವೆ ಸೀಸನಿನಲ್ಲಿ ಬಂದ ಬ್ಲೌಸ್ ಎಲ್ಲ ಒಪ್ಪಿಕೊಂಡೆ. ಒಂದು ಬೆಳಗಿನ ಜಾವ ಮದುಮಗಳ ರೇಷ್ಮೆ ರವಿಕೆ ಕಣದಲ್ಲಿ ಎರಡೂ ಎಡಗೈ ತೋಳೇ ಕತ್ತರಿಸಿಬಿಟ್ಟೆ. ಬೇರೆ ಬಟ್ಟೆ ಇರಲಿಲ್ಲ. ಮೇಜಿನ ಮೇಲೆ ಎರಡು ಎಡಗೈ ತೋಳು ಪಕ್ಕಪಕ್ಕ ಇಟ್ಟು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟಾದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವನು ಬಂದ. 'ನೀನು ಯಾವತ್ತೂ ಕರೆಯಲೇ ಇಲ್ಲವಲ್ಲ' ಅಂದ. ಸಿಟ್ಟು ಬಂತು, ಹೇಳದೇ ಗೊತ್ತಾಗಬಾರದಾ ಅಂತ. ಸಿಟ್ಟು ಈಗಲೂ ಇದೆ, ಆದರೆ ಕರೆದದ್ದು ಒಳ್ಳೆಯದಾಯಿತು.

ಪ್ರಶ್ನೆ: ಉಪ್ಪಳದಲ್ಲಿ ನನ್ನದು ಮೊಬೈಲ್ ಅಂಗಡಿ. ತಂದೆಗೆ ಮರೆವಿನ ಕಾಯಿಲೆ, 81 ವರ್ಷ. ಏಜೆನ್ಸಿ ಮೂಲಕ ಹೋಂ ನರ್ಸ್ ಇಟ್ಟಿದ್ದೇವೆ, ತೆಂಕಣ ಕೇರಳದವರು, ಮಲಯಾಳಂ ಬಿಟ್ಟು ಬೇರೆ ಬರುವುದಿಲ್ಲ. ಅಪ್ಪನಿಗೆ ಮೊದಲು ಮಲಯಾಳಂ ಬರುತ್ತಿತ್ತು, ಈಗ ತುಳು, ಕನ್ನಡ ಮಾತ್ರ. ದಿನಾ ಊಟದ ಹೊತ್ತಿಗೆ ಗಲಾಟೆ. ಅಂಗಡಿಯಲ್ಲಿ ಗಿರಾಕಿ ಇರುವಾಗ ನರ್ಸ್ ಫೋನ್ ಮಾಡುತ್ತಾರೆ. ಈಗ ವಾರಕ್ಕೆ ಒಂದು ದಿನ ರಜೆ ಬೇರೆ ಕೇಳುತ್ತಿದ್ದಾರೆ, ರಾತ್ರಿ ಒಂದು ಗಂಟೆ ಫೋನಲ್ಲಿ ಮಾತಾಡುತ್ತಾರೆ. ಇಷ್ಟು ಸಂಬಳ ಕೊಟ್ಟೂ ನನಗೆ ನೆಮ್ಮದಿ ಇಲ್ಲ. ಎಲ್ಲಿ ಗೆರೆ ಎಳೆಯಬೇಕು?

ಉತ್ತರ: ಮರೆವಿನ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಚಿಕ್ಕಂದಿನದ್ದು ಕೊನೆವರೆಗೆ ನಿಲ್ಲುತ್ತದೆ. ನಿಮ್ಮ ತಂದೆ ಹಟ ಮಾಡುತ್ತಿಲ್ಲ. ಊಟದ ಗಲಾಟೆ ಎಲ್ಲಿಂದ ಅಂತ ನಾನು ಊಹಿಸಬಲ್ಲೆ. ಅವರು 'ಯಾವು, ಯಾವು' ಅನ್ನುತ್ತಿರಬೇಕು, ತುಳುವಿನಲ್ಲಿ ಸಾಕು ಅಂತ. ಆ ಹೆಂಗಸು ಮಲಯಾಳಂನ 'ಮದಿ' ಅನ್ನುವ ಶಬ್ದಕ್ಕೆ ಕಾಯುತ್ತಿರಬೇಕು, ಅದು ಬಾರದ್ದಕ್ಕೆ ಇನ್ನೊಂದು ತುತ್ತು ಇಡುತ್ತಾರೆ, ಅಪ್ಪ ಕೈ ತಳ್ಳುತ್ತಾರೆ. ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಕೂತು ಇಪ್ಪತ್ತು ಶಬ್ದ ಬರೆಯಿರಿ. ಸಾಕು, ಬೇಡ, ನೀರು, ನೋವು, ಚಳಿ, ಮೂತ್ರ, ಏಳಿ, ಕೂತುಕೊಳ್ಳಿ. ತುಳು ಮಾತನ್ನು ಮಲಯಾಳಂ ಲಿಪಿಯಲ್ಲಿ ಬರೆದು ಅಡುಗೆ ಮನೆ ಗೋಡೆಗೆ ಅಂಟಿಸಿ. ಕನ್ನಡದ 'ಬೇಡ', ಮಲಯಾಳಂನ 'ವೇಂಡ' ಹೇಗೂ ಅಕ್ಕತಂಗಿಯರು. ನಿಮ್ಮ ಸ್ವರದಲ್ಲೇ ಅಷ್ಟನ್ನೂ ಹೇಳಿ ಅವರ ಫೋನಿಗೆ ಕಳಿಸಿ, ಮೊಬೈಲ್ ಅಂಗಡಿಯವರಿಗೆ ಅದು ಹೇಳಿಕೊಡಬೇಕಾ?

ಅಂಗಡಿಗೆ ಫೋನ್ ಮಾಡುವ ವಿಷಯಕ್ಕೂ ಒಂದು ಕರಾರು ಮಾಡಿಕೊಳ್ಳಿ. ಬಿದ್ದರೆ, ಜ್ವರ ಬಂದರೆ, ಉಸಿರಾಟ ಕಷ್ಟ ಆದರೆ, ಮನೆ ಬಿಟ್ಟು ಹೊರಟರೆ ಕೂಡಲೇ ಫೋನ್. ಉಳಿದದ್ದಕ್ಕೆ ಹನ್ನೊಂದಕ್ಕೆ, ನಾಲ್ಕಕ್ಕೆ ನೀವೇ ಮಾಡಿ. ತಪ್ಪದೆ ಮಾಡಿ, ಇಲ್ಲಾಂದ್ರೆ ಅವರು ಮತ್ತೆ ಗಿರಾಕಿ ಇರುವಾಗಲೇ ಮಾಡುತ್ತಾರೆ.

ಇನ್ನು ರಜೆ. ಇಲ್ಲಿ ನಾನು ನಿಮ್ಮ ಪಕ್ಷ ಅಲ್ಲ. ನಿಮ್ಮ ಅಂಗಡಿಗೆ ವಾರದಲ್ಲಿ ಒಂದು ದಿನ ರಜೆ ಇದೆಯಾ? ಇದೆ ಅಂತ ಪತ್ರದ ಲೆಟರ್‌ಹೆಡ್ಡಿನಲ್ಲೇ ಇದೆ, 'ಶುಕ್ರವಾರ ರಜೆ' ಅಂತ. ಆ ಹೆಂಗಸು ನಿಮ್ಮ ತಂದೆಯ ಕೋಣೆಯಲ್ಲೇ ಮಲಗುತ್ತಾರೆ, ರಾತ್ರಿ ಎದ್ದು ಬಾಗಿಲು ತೆಗೆಯಲು ಹೋಗುವವರನ್ನು ತಡೆಯುತ್ತಾರೆ, ಅವರದ್ದು ಅಂತ ಇರುವುದು ಆ ಒಂದು ಗಂಟೆಯ ಫೋನು. ತಮ್ಮ ಮಕ್ಕಳ ಹತ್ತಿರ ತಮ್ಮ ಭಾಷೆಯಲ್ಲಿ. ಅದಕ್ಕೂ ಕಣ್ಣು ಹಾಕಿದಿರಲ್ಲ! ವಾರಕ್ಕೊಂದು ದಿನ ಬಿಡಿ. ಅವತ್ತು ಶುಕ್ರವಾರವೇ ಆಗಲಿ, ನೀವು ತಂದೆಯ ಜೊತೆ ಇರಿ. ಇಡೀ ದಿನ ಇದ್ದು ನೋಡಿದ ಮೇಲೆ, ಸಂಬಳದ ಬಗ್ಗೆಯೂ ನಿಮಗೆ ಬೇರೆ ಅಭಿಪ್ರಾಯ ಬರಬಹುದು. ಒಳ್ಳೆಯ ಹೋಂ ನರ್ಸ್ ಬಿಟ್ಟು ಹೋದರೆ ಏಜೆನ್ಸಿ ಇನ್ನೊಬ್ಬರನ್ನು ಕಳಿಸೀತು, ನಿಮ್ಮ ತಂದೆಗೆ ಮಾತ್ರ ಮತ್ತೆ ಹೊಸ ಮುಖ, ಮತ್ತೆ ಹೆದರಿಕೆ.

ಪ್ರಶ್ನೆ: ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮುಳ್ಳೇರಿಯ ಹತ್ತಿರ ಸಣ್ಣ ಜಿನಸು ಅಂಗಡಿ ಇದೆ, ನಾನೇ ನಡೆಸುವುದು, ವಯಸ್ಸು 26. ಅಂಗಡಿ ಮುಚ್ಚಿ ಹೋದರೆ ಊರವರು 'ಯಾವಾಗ ನೋಡಿದರೂ ಮುಚ್ಚಿರುತ್ತದೆ' ಅನ್ನುತ್ತಾರೆ. ಸಾಲ ಹೇಳುವವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಎಲ್ಲರೂ ಅಮ್ಮನನ್ನು ಕೇಳಿಕೊಂಡು ಬರುವವರೇ. ಏನು ಮಾಡಲಿ?

ಉತ್ತರ: 'ಯಾವಾಗ ನೋಡಿದರೂ' ಅನ್ನುವುದು ಯಾವಾಗ ತೆರೆದಿರುತ್ತದೆ ಅಂತ ಗೊತ್ತಿಲ್ಲದವರ ಮಾತು. ಡಯಾಲಿಸಿಸ್ ದಿನ, ಹೊತ್ತು ಮೊದಲೇ ಗೊತ್ತಿರುತ್ತದೆ. ಬೋರ್ಡು ಬರೆದು ಹಾಕಿ, ಕನ್ನಡದಲ್ಲೂ ಮಲಯಾಳದಲ್ಲೂ: ಈ ಮೂರು ದಿನ ಇಷ್ಟು ಗಂಟೆಗೆ ತೆರೆಯುತ್ತದೆ ಅಂತ. ಕಾರಣ ಬರೆಯಬೇಡಿ, ಕಾರಣ ಬರೆದರೆ ಅದರ ಬಗ್ಗೆ ಮಾತಾಡಲು ಜನ ಒಳಗೆ ಬರುತ್ತಾರೆ.

ಸಾಲಕ್ಕೆ ಬಾಯಿ ಬರದಿದ್ದರೆ ಪುಸ್ತಕಕ್ಕೆ ಬರಲಿ. ಒಬ್ಬರಿಗೆ 500 ರೂಪಾಯಿ, ಅದು ತೀರಿದ ಮೇಲೆ ಮತ್ತೆ. ಅವರ ಪುಟ ತೆಗೆದು ಅವರ ಮುಂದೆಯೇ ತಿರುಗಿಸಿ ಇಡಿ, ಅಮ್ಮನ ವಿಷಯ ಕೇಳಿದರೆ ಅಮ್ಮನ ವಿಷಯ ಹೇಳಿ, ಪುಟ ಹಾಗೇ ತೆರೆದಿರಲಿ.